ಬಾಲು ಬರೋವರೆಗೂ ಕಾಯೋ ಕೆಲಸ

ಭಾನುವಾರ ಬೆಳಿಗ್ಗೆ ಏಳೂವರೆಗೆ ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ನಾವು ನಾಲ್ವರು ಕೂತಿದ್ದೆವು. ವಾಕಿಂಗ್ ಅಂತ ಮನೆಯಲ್ಲಿ ಹೇಳಿ ಬಂದವರು. ನಮ್ಮ ವಾಕಿಂಗು ದಿನಾ ಬೆಂಚಿನವರೆಗೆ ಮಾತ್ರ. ಅವತ್ತು ಕೂರೋದಕ್ಕೆ ಒಂದು ನೆಪವೂ ಇತ್ತು, ರಾಯರ ಮೊಮ್ಮಗನ ಫುಟ್‌ಬಾಲ್ ಮ್ಯಾಚು.

ರಾಯರು ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಸವೆದು ರಿಟೈರಾದವರು. ಯಾವ ವಿಷಯ ಎತ್ತಿದರೂ ಇದಕ್ಕೆ ಶೂರಿಟಿ ಯಾರು ಅಂತ ಕೇಳುವ ಜಾಯಮಾನ. ಅವತ್ತು ಬಂದವರೇ ಬೇರೆ ರಾಗ ತೆಗೆದರು.

"ಮನೇಲಿ ಕಳ್ಳತನ ಆಗ್ತಾ ಇದೆ ಕಣ್ರೀ. ಮಗಳು ದುಬೈನಿಂದ ತಂದ ಸೆಂಟು, ಮದುವೆ ಮುಂಜಿಗೆ ಬಿಟ್ರೆ ನಾನು ಮುಟ್ಟಲ್ಲ. ಈಗ ಆಷಾಢ, ಯಾರ ಮನೇಲೂ ಮದುವೆ ಇಲ್ಲ. ಬಾಟ್ಲಿ ನೋಡಿದ್ರೆ ಅರ್ಧಕ್ಕಿಳಿದಿದೆ!"

"ಆವಿಯಾಗಿರತ್ತೆ ಬಿಡಿ. ನಿಮ್ಮ ಬ್ಯಾಂಕಲ್ಲಿ ದುಡ್ಡೇ ಆವಿಯಾಗತ್ತೆ, ಸೆಂಟು ಯಾವ ಲೆಕ್ಕ" ಅಂದ ಗೌಡ. ಇವನು ಎಲ್‌ಐಸಿ ಏಜೆಂಟು. ಎದುರಿಗಿರುವವರ ಆಯಸ್ಸಿನ ಬಗ್ಗೆ ಅವನಿಗಿರುವಷ್ಟು ಕಾಳಜಿ ಅವರ ಹೆಂಡತಿಗೂ ಇರಲಿಕ್ಕಿಲ್ಲ.

ಮೈದಾನದಲ್ಲಿ ಇಪ್ಪತ್ತು ನಿಮಿಷ ಆಟವಾಗಿತ್ತು. ಹಳದಿ ಬನಿಯನ್ನಿನ ಮೊಮ್ಮಗ ಅಷ್ಟು ಹೊತ್ತಿಗೆ ಚೆಂಡು ಮುಟ್ಟಿದ್ದು ಎರಡು ಸಲ. ಅದರಲ್ಲೊಂದು ಸಲ ಕೈಯಲ್ಲಿ, ಅದೂ ಗೆರೆಯಾಚೆ ಹೋದದ್ದನ್ನು ಎತ್ತಿಕೊಟ್ಟಿದ್ದು. ಮೂರನೆಯ ಸಲ ಚೆಂಡು ನೇರ ಅವನ ಪಕ್ಕಕ್ಕೇ ಬಂತು. ಅವನು ಬಗ್ಗಿ ಲೇಸು ಕಟ್ಟಿಕೊಳ್ಳುತ್ತಿದ್ದ.

"ಮಿಕ್ಕವರೆಲ್ಲ ಓಡಾಡಿ ಸಾಯ್ತಾ ಇದಾರೆ, ಇವನ್ಯಾಕ್ರೀ ಹೊಸಿಲ ಮೇಲೆ ಕೂತ ಸೊಸೆ ಥರ ನಿಂತಿದಾನೆ?" ರಾಯರಿಗೆ ಸಂಕಟ.

"ಅವನು ಸ್ಟ್ರೈಕರ್ ರಾಯರೇ" ಅಂದರು ಮೇಷ್ಟ್ರು. ಪಿಟಿ ಮೇಷ್ಟ್ರಾಗಿದ್ದವರು, ಈಗಲೂ ಮಾತಿಗೆ ಮುಂಚೆ ಕೈ ವಿಶಲ್ ಹುಡುಕುತ್ತದೆ. "ಸ್ಟ್ರೈಕರ್ ಕೆಲಸ ಅಂದ್ರೆ ಬಾಲು ಬರೋವರೆಗೂ ಕಾಯೋದು. ತೊಂಬತ್ತು ನಿಮಿಷ ಕಾದು ಒಂದು ಸೆಕೆಂಡಲ್ಲಿ ಕೆಲಸ ಮುಗಿಸಬೇಕು."

"ಹಾಗಾದ್ರೆ ತಾಲ್ಲೂಕು ಆಫೀಸಿಗೆ ಹೇಳಿ ಮಾಡಿಸಿದ ಹುಡುಗ" ಅಂದ ಗೌಡ. "ಅಲ್ಲಿ ಆ ಒಂದು ಸೆಕೆಂಡಿನ ಕೆಲಸಾನೂ ಇರಲ್ಲ."

ರಾಯರು ನಗಲಿಲ್ಲ. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ನಂಬರು ತೆಗೆದಿದ್ದಾನೆ, ಸೈನ್ಸಿಗೆ ಸೀಟೂ ಸಿಕ್ಕಿದೆ. ಆದರೆ ಹೋದ ವಾರ ಊಟದ ತಟ್ಟೆ ಮುಂದೆ, ತಾನು ಭಾರತದ ಫುಟ್‌ಬಾಲ್ ಟೀಮಿನ ಸ್ಟ್ರೈಕರ್ ಆಗಿದ್ದ ಸುನಿಲ್ ಛೆಟ್ರಿ ಥರ ಆಗ್ತೀನಿ ಅಂದುಬಿಟ್ಟನಂತೆ. ಅಜ್ಜಿ ಹುಳಿ ಬಡಿಸುವುದನ್ನೇ ಮರೆತರಂತೆ.

"ಆ ಛೆಟ್ರಿಗೇನು, ಹುಟ್ಟುತ್ತಲೇ ಸಲೀಸು ದಾರಿ ಸಿಕ್ಕಿರಬೇಕು" ಅಂದರು ರಾಯರು.

ಇಲ್ಲಿ ನನಗೆ ತಡೆಯಲಾಗಲಿಲ್ಲ. ಬೆಂಗಳೂರು ಎಫ್‌ಸಿ ಕ್ಲಬ್ಬು ಶುರುವಾದ 2013ರಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನ ಸಿಮೆಂಟಿನ ಮೇಲೆ ಕೂತು ಬಿಸಿಲು ಕುಡಿದವನು ನಾನು. ಮಾತಾಡುವ ಹಕ್ಕು ಚರ್ಮ ಸುಟ್ಟುಕೊಂಡು ಸಂಪಾದಿಸಿದ್ದು.

"ಸಲೀಸಾ? ಕೇಳಿ ಇಲ್ಲಿ. ಹುಟ್ಟಿದ್ದು 1984, ಸಿಕಂದರಾಬಾದು. ಅಪ್ಪ ಮಿಲಿಟರಿ. ಹಾಗಾಗಿ ಗ್ಯಾಂಗ್ಟಕ್, ಡಾರ್ಜಿಲಿಂಗ್, ದಿಲ್ಲಿ ಅಂತ ಊರೂರು ತಿರುಗಿ ಬೆಳೆದಿದ್ದು. ಅಮ್ಮ ನೇಪಾಳದ ಹೆಂಗಸರ ಟೀಮಿಗೆ ಆಡಿದವರು, ಅವರೂ ಅವರ ಅವಳಿ ಸೋದರಿಯೂ ಒಟ್ಟಿಗೇ ಆಡ್ತಿದ್ರು."

"ಅಮ್ಮನೂ ಚಿಕ್ಕಮ್ಮನೂ ಒಂದೇ ಮುಖ, ಒಂದೇ ಟೀಮು? ಎದುರಾಳಿಗೆ ಯಾರನ್ನ ಮಾರ್ಕ್ ಮಾಡ್ಬೇಕು ಅಂತಾನೇ ಗೊತ್ತಾಗಿರಲ್ಲ" ಅಂತ ಮೇಷ್ಟ್ರು ತಲೆದೂಗಿದರು.

"ಇದಕ್ಕಿಂತ ಮಜಾ ಏನು ಗೊತ್ತಾ? ಒಳ್ಳೆ ಕಾಲೇಜಲ್ಲಿ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಗ್ಲಿ ಅಂತ ಫುಟ್‌ಬಾಲ್ ಆಡ್ತಿದ್ದೆ ಅಂತ ಅವರೇ ಹೇಳಿಕೊಂಡಿದಾರೆ."

ರಾಯರ ಮುಖ ಅರಳಿತು. "ನೋಡಿದ್ರಾ! ಬುದ್ಧಿವಂತ ಹುಡುಗ. ಆಮೇಲೆ ಕೆಟ್ಟಿದ್ದು ಯಾರ ಸಹವಾಸದಿಂದ?"

"ಮೋಹನ್ ಬಗಾನ್ ಸಹವಾಸದಿಂದ. 2002ರಲ್ಲಿ, ಹದಿನೆಂಟು ತುಂಬೋ ಹೊತ್ತಿಗೆ ಕಲ್ಕತ್ತಾದ ಆ ಕ್ಲಬ್ಬಿನವರು ಕರಕೊಂಡು ಹೋದ್ರು."

ಕಲ್ಕತ್ತಾ ಅಂದಕೂಡಲೇ ಗೌಡ ಚುರುಕಾದ. ಅಲ್ಲಿನ ಎದುರಾಳಿ ಕ್ಲಬ್ಬು ಈಸ್ಟ್ ಬೆಂಗಾಲ್ ಗೆದ್ದರೆ ಅವರ ಕಡೆಯವರ ಮನೆಯಲ್ಲಿ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದರೆ ಇವರ ಕಡೆ ಸಿಗಡಿ ಅನ್ನುವುದು ಅವನಿಗೆ ಹೇಗೋ ಗೊತ್ತು. ಎರಡೂ ಟೀಮು ಡ್ರಾ ಮಾಡಿಕೊಂಡರೆ ಎರಡನ್ನೂ ಹುರಿಯಬಹುದಲ್ಲ ಅಂತ ಕೇಳಿದ. ರಾಯರು ಕಿವಿ ಮುಚ್ಚಿಕೊಂಡರು. ಪಕ್ಕದಲ್ಲೇ ಎಣ್ಣೆ ಸಿಡಿಯಿತೇನೋ ಅನ್ನುವ ಹಾಗೆ.

"ಅಲ್ಲಿ ಗೆದ್ದಾಗ ಆಗಿನ ಸ್ಟಾರ್ ಸ್ಟ್ರೈಕರ್ ಬೈಚುಂಗ್ ಭುಟಿಯಾ ಇದ್ರಲ್ಲ, ಮುಂದಿನ ಭುಟಿಯಾ ನೀನೇ ಅಂತ ಹೆಗಲ ಮೇಲೆ ಹೊತ್ಕೊಂಡ್ರು. ಸೋತಿದ್ದೇ ತಡ, ಅದೇ ಜನ ಬೆನ್ನುಹತ್ತಿ ಬೈದ್ರು. ಹುಡುಗ ಅಪ್ಪನಿಗೆ ಫೋನ್ ಮಾಡಿ ಅತ್ತ, ಇದು ನನ್ನ ಕೈಲಾಗಲ್ಲ ಅಂತ."

"ಅಪ್ಪ ಏನಂದ್ರು? ವಾಪಸ್ ಬಾ, ಬಿಕಾಂ ಮಾಡು ಅಂದಿರ್ತಾರೆ" ಅಂದರು ರಾಯರು, ಆಸೆಯಿಂದ.

"ಮಿಲಿಟರಿ ಅಪ್ಪ ರಾಯರೇ. ಹಿಂದಕ್ಕೆ ಬಾ ಅನ್ನೋ ಆರ್ಡರ್ ಅವರಿಗೆ ಬಾಯಿಗೇ ಬರಲ್ಲ" ಅಂದರು ಮೇಷ್ಟ್ರು. ಇದು ಮೇಷ್ಟ್ರ ಸ್ವಂತ ಕವಿತ್ವ, ನನ್ನ ಜವಾಬ್ದಾರಿ ಅಲ್ಲ.

ಅಷ್ಟರಲ್ಲಿ ಮೊಮ್ಮಗ ಆಫ್‌ಸೈಡಾದ. ಹೀಗಂದರೇನು ಅಂತ ರಾಯರು ಕೇಳಿದರು. ಗೌಡ ಹೇಳಿದ: ಕರೆಯದ ಮನೆಗೆ ಊಟದ ಹೊತ್ತಿಗಿಂತ ಮುಂಚೆ ಹೋಗಿ ಕೂತ್ಕೊಳ್ಳೋದು. ಮೇಷ್ಟ್ರು ತಿದ್ದಲು ಹೊರಟು, ಯೋಚಿಸಿ, ಸುಮ್ಮನಾದರು.

ನಾನು ಕೋಚಿನ ಕಥೆಗೆ ಬಂದೆ. ಫುಟ್‌ಬಾಲ್ ಅಂದರೆ ಆಕಳಿಸುವ ನನ್ನ ಹೆಂಡತಿಗೂ ಇಷ್ಟವಾದ ಭಾಗ ಇದು. ಮೋಹನ್ ಬಗಾನಿನಲ್ಲಿ ಕೋಚು ಸುಬ್ರತ ಭಟ್ಟಾಚಾರ್ಯ. ಕಲ್ಕತ್ತಾದಲ್ಲಿ ದೊಡ್ಡ ಹೆಸರು, ಮುಂಗೋಪಿ. ಹೊಸ ಹುಡುಗನನ್ನು ಮನೆಯಲ್ಲಿ ಹೊಗಳುತ್ತಿದ್ದರು. ಮಗಳು ಅಪ್ಪನ ಫೋನಿನಿಂದ ನಂಬರ್ ತೆಗೆದುಕೊಂಡು, ತಾನು ನಿಮ್ಮ ಅಭಿಮಾನಿ ಅಂತ ಮೆಸೇಜ್ ಹಾಕಿದಳು. ಯಾರ ಮಗಳು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಛೆಟ್ರಿ ಭೇಟಿ ಮಾಡಿ, ಇದಿನ್ನೂ ಸ್ಕೂಲು ಹುಡುಗಿ, ಹೋಗಿ ಓದ್ಕೊಳಮ್ಮ ಅಂತ ಕಳಿಸಿದರು. ಮೆಸೇಜು ನಿಲ್ಲಲಿಲ್ಲ. ಕೆಲವು ತಿಂಗಳಾದ ಮೇಲೆ ಕೋಚಿನ ಫೋನು ಕೆಟ್ಟಿತು. ರಿಪೇರಿ ಮಾಡಿಕೊಡೋ ಅಂತ ಇವರ ಕೈಗೇ ಕೊಟ್ಟರು. ಮಾಡುತ್ತಾ ಇರುವಾಗ ಮಗಳ ಕಾಲ್ ಬಂತು. ನಂಬರು ಎಲ್ಲೋ ನೋಡಿದ ಹಾಗಿದೆಯಲ್ಲ!

"ಅಯ್ಯೋ ಶಿವನೇ!" ಅಂದ ಗೌಡ, ತೊಡೆ ಚಪ್ಪರಿಸಿ.

"ಕೋಚಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು ಅಂತ ಗಾಬರಿಯಾಗಿ ಮಾತೇ ನಿಲ್ಲಿಸಿಬಿಟ್ರಂತೆ. ಮತ್ತೆ ಸ್ನೇಹ ಚಿಗುರಿದ್ದು ಆಮೇಲೆ. ಸಿನಿಮಾಕ್ಕೆ ಹೋಗೋದೂ ಕಳ್ಳತನದಲ್ಲೇ. ಎರಡು ಟಿಕೆಟ್ ತಗೊಂಡು, ಒಂದನ್ನ ಆಕೆಯ ಹೆಸರಲ್ಲಿ ಕೌಂಟರಲ್ಲಿ ಬಿಟ್ಟು ಇವರು ಒಳಗೆ ಹೋಗಿ ಕೂರೋದು. ಆಕೆ ಆಮೇಲೆ ಬಂದು ಟಿಕೆಟ್ ಇಸ್ಕೊಂಡು ಒಳಗೆ ಹೋಗೋದು."

"ಆಫ್‌ಸೈಡ್ ಆಗದ ಹಾಗೆ ಟೈಮಿಂಗು" ಅಂದರು ಮೇಷ್ಟ್ರು.

"ಕೊನೆಗೆ ಹೆಣ್ಣು ಕೇಳಕ್ಕೆ ಹೋದಾಗ, ಕೋಚು ಲೋಕದ ಸುದ್ದಿಯೆಲ್ಲ ಮಾತಾಡಿದ್ರಂತೆ, ಆ ವಿಷಯ ಒಂದು ಬಿಟ್ಟು. ಇವರೇ ಧೈರ್ಯ ಮಾಡಿ ಬಾಯಿಬಿಟ್ರಂತೆ. ಸರಿ ಸರಿ ಅಂದೋರು ಎದ್ದು ಬಾತ್‌ರೂಮಿಗೆ ಹೋಗಿ, ವಾಪಸ್ ಬಂದು ಒಪ್ಪಿದ್ರು. ಮದುವೆ 2017ರಲ್ಲಿ."

ಗೌಡ ಲೆಕ್ಕ ಹಾಕಿದ. "ಸೇರಿದ್ದು 2002, ತಾಳಿ ಕಟ್ಟಿದ್ದು 2017. ಕಾಯೋದ್ರಲ್ಲಿ ನಿಜವಾಗ್ಲೂ ಸ್ಟ್ರೈಕರೇ ಕಣಯ್ಯ."

ರಾಯರಿಗೆ ಪ್ರೇಮಕಥೆ ರುಚಿಸಲಿಲ್ಲ. ದೇಶಕ್ಕೆ ಆಡಿದ್ದು ಯಾವಾಗ, ಅದು ಹೇಳಿ ಅಂದರು. ಕಲ್ಕತ್ತಾ ಬಿಟ್ಟು ಪಂಜಾಬಿನ ಜೆಸಿಟಿ ಟೀಮು ಸೇರಿದ ವರ್ಷವೇ, 2005ರ ಜೂನಿನಲ್ಲಿ, ಪಾಕಿಸ್ತಾನದ ಕ್ವೆಟ್ಟಾದಲ್ಲಿ ಮೊದಲ ಪಂದ್ಯ. 2024ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಅಂತ ಒಂದು ವಿಡಿಯೋ ಹಾಕಿದರಲ್ಲ, ಅದರಲ್ಲಿ ಆ ದಿನದ ವಿಷಯ ಹೇಳಿದ್ದರು. (ವಿದಾಯ ಹೇಳಿದವರು ಮರುವರ್ಷವೇ ಮತ್ತೆ ಆಡಲು ಬಂದರು. ನಮ್ಮ ಗೌಡ ಪ್ರತಿ ಯುಗಾದಿಗೆ ಕಾಫಿ ಬಿಡುವ ಹಾಗೆ.) ಹೊಸ ಹುಡುಗ, ಆಡಿಸುತ್ತಾರೆ ಅನ್ನುವ ನಂಬಿಕೆಯೇ ಇಲ್ಲ. ಬೆಳಿಗ್ಗೆ ಕೋಚು ಸುಖವಿಂದರ್ ಸಿಂಗ್ ಬಂದು, ಇವತ್ತು ನೀನು ಶುರುವಿನಿಂದಲೇ ಆಡ್ತೀಯ ಅಂದರು. ಮೈಮೇಲೆ ಖಬರಿಲ್ಲದ ಖುಷಿ. ಜೆರ್ಸಿ ಕೈಗೆ ಬಂದದ್ದೇ, ಅದರ ಮೇಲೆ ಪರ್‌ಫ್ಯೂಮ್ ಪುಸುಪುಸು ಹೊಡೆದುಕೊಂಡರಂತೆ. ಯಾಕೆ ಅಂತ ತನಗೇ ಗೊತ್ತಿಲ್ಲ ಅಂದರು.

"ಫುಟ್‌ಬಾಲ್ ಆಡಕ್ಕಾ? ಸೆಂಟಾ?" ರಾಯರು ಹುಬ್ಬೇರಿಸಿದರು.

"ಸೆಂಟು ಹಾಕ್ಕೊಂಡೇ ಗೋಲು ಹೊಡೆದ್ರು. ಮ್ಯಾಚು 1-1."

ರಾಯರು ಏನೋ ಯೋಚಿಸಿದರು. ಬಾಯಿ ತೆರೆದರು. ಆದರೆ ಮೇಷ್ಟ್ರು ಅಷ್ಟರಲ್ಲಿ 2008ರ ದಿಲ್ಲಿಗೆ ಹಾರಿಯಾಗಿತ್ತು. ಎಎಫ್‌ಸಿ ಚಾಲೆಂಜ್ ಕಪ್ ಫೈನಲ್, ತಜಿಕಿಸ್ತಾನಕ್ಕೆ 4-1, ಛೆಟ್ರಿ ಹ್ಯಾಟ್ರಿಕ್, 1984ರ ನಂತರ ಮೊದಲ ಸಲ ಭಾರತ ಏಷ್ಯಾ ಕಪ್ಪಿಗೆ. ಮೇಷ್ಟ್ರು ಮೂರೂ ಗೋಲನ್ನು ಕಾಲಲ್ಲಿ ತೋರಿಸಲು ಹೋಗಿ ಗೌಡನ ಚಪ್ಪಲಿಯನ್ನು ಹುಲ್ಲಿಗೆ ಕಳಿಸಿದರು.

"ಇಷ್ಟಾದ ಮೇಲೆ ಫಾರಿನ್‌ನೋರು ಕರೀಲಿಲ್ವಾ?" ಅಂತ ಗೌಡ ಚಪ್ಪಲಿ ಹುಡುಕುತ್ತ ಕೇಳಿದ.

"ಕರೆದ್ರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್. ಮೂರು ವರ್ಷದ ಒಪ್ಪಂದ. ಆದ್ರೆ ಬ್ರಿಟಿಷ್ ಸರ್ಕಾರ ವರ್ಕ್ ಪರ್ಮಿಟ್ ಕೊಡ್ಲಿಲ್ಲ."

"ಯಾಕೆ? ಹುಡುಗನ ಆಟ ಸಾಲ್ದಾ?"

"ಆಟ ಅಲ್ಲ. ಫಿಫಾ ರ‍್ಯಾಂಕಿಂಗಲ್ಲಿ ಭಾರತ ಮೊದಲ ಎಪ್ಪತ್ತರಲ್ಲಿ ಇಲ್ಲ ಅಂತ."

ಬೆಂಚು ಒಂದು ಕ್ಷಣ ಸ್ತಬ್ಧವಾಯಿತು. ಮೊದಲು ಚೇತರಿಸಿಕೊಂಡವರು ರಾಯರು. ಎರಡು ಹೆಣ್ಣುಮಕ್ಕಳ ಮದುವೆ ಮಾಡಿದ ಅನುಭವ. "ಅಂದ್ರೆ ಹುಡುಗ ಒಪ್ಪಿಗೆ, ಮನೆತನ ಒಪ್ಪಿಗೆ ಇಲ್ಲ! ನಮ್ಮ ಚಿಕ್ಕವಳಿಗೆ ಬಂದ ಮೊದಲ ಸಂಬಂಧಾನೂ ಹೀಗೇ ತಪ್ಪಿದ್ದು." ಛೆಟ್ರಿಯ ಮೇಲೆ ಅವರಿಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ ಅಂತ ನನ್ನ ಅಂದಾಜು.

ಮೇಷ್ಟ್ರಿಗೆ ಸಿಟ್ಟು ಬಂತು. "ಎಪ್ಪತ್ತಂತೆ! 1936ರಲ್ಲಿ ನಮ್ಮ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿಗೆ ಬರಿಗಾಲಲ್ಲಿ ಆಡಿದಾಗ ಯಾವ ರ‍್ಯಾಂಕಿಂಗ್ ಕೇಳಿದ್ರು? 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸಿಗೆ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದಾಗ ಕೇಳಿದ್ರಾ?"

"ಆ ಮ್ಯಾಚು ಗೆದ್ವಾ?"

"2-1ರಲ್ಲಿ ಸೋತ್ವಿ. ಎರಡು ಪೆನಾಲ್ಟಿ ಹಾಳಾಯ್ತು. ಆ ಮಾತು ಬೇಡ ಈಗ" ಅಂದರು ಮೇಷ್ಟ್ರು.

ಆಮೇಲಿನದನ್ನು ನಾನು ಬೇಗ ಬೇಗ ಹೇಳಿದೆ. 2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿ. ಅಲ್ಲಿ ಹೆಚ್ಚಾಗಿ ಬೆಂಚೇ ಗತಿ. ಮ್ಯಾಂಚೆಸ್ಟರ್ ಯುನೈಟೆಡ್ ಮೇಲಿನ ಸ್ನೇಹಪಂದ್ಯದಲ್ಲಿ ಬದಲಿಯಾಗಿ ಇಳಿದದ್ದು ಒಂದು ಸಮಾಧಾನ. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಲಿಸ್ಬನ್ ಕ್ಲಬ್ಬು. ಅಲ್ಲಿನ ಕೋಚು ವಾರದೊಳಗೆ ಕರೆದು, ನೀನು ಈ ಮಟ್ಟಕ್ಕಿಲ್ಲ, ಬಿ ಟೀಮಿಗೆ ಹೋಗು ಅಂದರಂತೆ. ಮುಖಕ್ಕೆ ಹೊಡೆದ ಹಾಗೆ ಹೇಳಿದ್ದನ್ನು ಛೆಟ್ರಿಯೇ ನಗುತ್ತಾ ಹೇಳಿಕೊಳ್ಳುತ್ತಾರೆ. ನಮ್ಮನ್ನು ಸೆಕೆಂಡ್ ಪಂಕ್ತಿಗೆ ಕೂರಿಸಿದರೆ ನಾವು ಮೂರು ತಲೆಮಾರು ಆ ಮನೆಗೆ ಹೋಗುವುದಿಲ್ಲ. "ಬಿ ಟೀಮಲ್ಲಿ ಮೂರು ಮ್ಯಾಚು. 2013ರಲ್ಲಿ ಗೋವಾದ ಚರ್ಚಿಲ್ ಬ್ರದರ್ಸಿಗೆ ಲೋನ್ ಕೊಟ್ರು."

ರಾಯರು ನೆಟ್ಟಗೆ ಕೂತರು. "ಏನು ಕೊಟ್ರು?"

"ಲೋನ್. ಆಟಗಾರನನ್ನ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್ಬಿಗೆ."

"ಅಂದ್ರೆ ಮನುಷ್ಯನನ್ನೇ ಸಾಲ ಕೊಡೋದಾ? ಶೂರಿಟಿ ಯಾರು? ಮಧ್ಯ ಕಾಲು ಮುರಿದ್ರೆ ಅದು ಎನ್‌ಪಿಎ, ವಸೂಲಾಗದ ಸಾಲ ತಾನೇ?" ಮೂವತ್ನಾಲ್ಕು ವರ್ಷದ ಅನುಭವ ಒಮ್ಮೆಲೇ ಮೈದುಂಬಿ ಬಂತು. "ಬಡ್ಡಿ?"

"ಆ ವರ್ಷ ಚರ್ಚಿಲ್‌ನೋರು ಆಗ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್ ಗೆದ್ದುಬಿಟ್ರು."

"ಹಾಗಾದ್ರೆ ಒಳ್ಳೆ ಲೋನು" ಅಂತ ರಾಯರು ಮಂಜೂರು ಮಾಡಿದರು. ಆಮೇಲೆ ಬೆರಳು ಮಡಚಿ ಎಣಿಸತೊಡಗಿದರು. ಮೋಹನ್ ಬಗಾನಿನಿಂದ ಜೆಸಿಟಿ, ಈಸ್ಟ್ ಬೆಂಗಾಲ್, ಗೋವಾದ ಡೆಂಪೊ, ಕನ್ಸಾಸ್, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಗಾನ್, ಲಿಸ್ಬನ್, ಚರ್ಚಿಲ್, ಕೊನೆಗೆ ನಮ್ಮ ಬೆಂಗಳೂರು. "ಹನ್ನೊಂದು ವರ್ಷಕ್ಕೆ ಒಂಬತ್ತು ಟ್ರಾನ್ಸ್‌ಫರ್! ನನಗೆ ಇಡೀ ಸರ್ವೀಸಲ್ಲಿ ಆರು. ಅದಕ್ಕೇ ನಿಮ್ಮತ್ತಿಗೆ ಇವತ್ತಿಗೂ ಬೈತಾಳೆ."

"ಬೆಂಗಳೂರಲ್ಲಾದ್ರೂ ತಳವೂರಿದ್ರಾ?"

"ಇಲ್ಲಿ ಕ್ಲಬ್ಬೂ ಹೊಸದು, ಇವರೂ ಹೊಸಬರು. ಮೊದಲ ಮ್ಯಾಚು ಯಾರ ಮೇಲೆ ಗೊತ್ತಾ? ಮೋಹನ್ ಬಗಾನ್. 1-1. ಮೊದಲ ವರ್ಷಾನೇ ಐ-ಲೀಗ್ ಕಪ್ಪು ನಮ್ಮದು. ಆಗ ಛೆಟ್ರಿಗೆ ಇಪ್ಪತ್ತೊಂಬತ್ತು ವಯಸ್ಸು."

"ನನ್ನ ಮೊಮ್ಮಗನಿಗೆ ಹದಿನಾರು" ಅಂದರು ರಾಯರು, ಯಾರಿಗೂ ಅಲ್ಲದ ಹಾಗೆ. "ಹದಿಮೂರು ವರ್ಷ. ಪಿಎಚ್‌ಡಿಗೂ ಇಷ್ಟು ಹಿಡಿಯಲ್ಲ."

ಮೈದಾನದಲ್ಲಿ ಗದ್ದಲವಾಯಿತು. ಎದುರು ಟೀಮಿನ ಡಿಫೆಂಡರ್ ಜಾರಿಬಿದ್ದಿದ್ದ, ಚೆಂಡು ನಮ್ಮ ಹುಡುಗನ ಕಾಲಿಗೆ ಬಂದಿತ್ತು. ಮುಂದೆ ಗೋಲಿ ಒಬ್ಬನೇ. ರಾಯರು ಎದ್ದು ನಿಂತರು. ಅವರ ಮಂಡಿ ಆಪರೇಷನ್ ಆದ ಮೇಲೆ ಅಷ್ಟು ಬೇಗ ಎದ್ದದ್ದನ್ನು ನಾವು ನೋಡಿರಲಿಲ್ಲ. "ಹೊಡಿಯೋ! ಹೊಡಿಯೋ ಮುಂಡೇದೆ!" ಹುಡುಗ ಹೊಡೆದ. ಚೆಂಡು ಕಂಬದ ಮೇಲೆ ಹಾರಿ, ಕಾಂಪೌಂಡ್ ದಾಟಿ, ಯಾರದೋ ತಾರಸಿಯ ಮೇಲೆ ಒಣಹಾಕಿದ್ದ ಸಂಡಿಗೆಯ ನಡುವೆ ಬಿತ್ತು. ಮೇಲಿಂದ ಒಂದು ಹೆಂಗಸಿನ ಧ್ವನಿ ನಮ್ಮೆಲ್ಲರ ವಂಶಾವಳಿ ವಿಚಾರಿಸಿತು.

ಮ್ಯಾಚು ಮುಗಿಯಿತು. 0-2. ಹುಡುಗ ತಲೆ ತಗ್ಗಿಸಿ ನಮ್ಮ ಕಡೆ ನಡೆದು ಬಂದ. ಹತ್ತಿರ ಬಂದಂತೆ ಗಾಳಿಯೇ ಬದಲಾಯಿತು. ಅರ್ಧ ಬೆವರು, ಅರ್ಧ ದುಬೈ.

ಗೌಡ ಮೂಗು ಅರಳಿಸಿ ನನ್ನ ಕಡೆ ನೋಡಿದ. ನಾನು ಮೇಷ್ಟ್ರ ಕಡೆ ನೋಡಿದೆ. ಮೇಷ್ಟ್ರು ಆಕಾಶ ನೋಡಿದರು.

ರಾಯರು ಮೊಮ್ಮಗನ ಭುಜಕ್ಕೆ ಮೂಗು ತಂದು ಒಂದು ಸಲ ಮೂಸಿದರು. ಇನ್ನೊಂದು ಸಲ, ಖಾತ್ರಿಗೆ.

"ಅರ್ಧ ಬಾಟ್ಲಿ ಖಾಲಿ ಮಾಡಿದೀಯ" ಅಂದರು. "ಒಂದು ಗೋಲಾದ್ರೂ ಹೊಡೀಬಾರದಾಗಿತ್ತೇನೋ!"