ಎಂಟು ಆಸನಗಳ ಸುಶಿ ಕೋಣೆಯಲ್ಲಿ ಸೋಯಾ ಸಾಸ್ ಕೇಳಿಬಿಟ್ಟೆ: ಪರಿಚಯಿಸಿದವರ ಮರ್ಯಾದೆ ಹೋಯಿತೇ?

ಮರೆತ ಕೊಡೆ (ಪ್ರಶ್ನೆ)

ಟೋಕಿಯೋದಲ್ಲಿರುವವರು, ಇದ್ದು ಬಂದವರು ದಯವಿಟ್ಟು ಉತ್ತರಿಸಿ. ಮೂರು ದಿನದಿಂದ ಇದೇ ತಲೆ ಕೊರೆಯುತ್ತಿದೆ.

ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಗಿಂಜಾದ ಒಂದು ಸುಶಿ ಅಂಗಡಿಯಲ್ಲಿ ಎರಡು ತಿಂಗಳ ಹಿಂದೆಯೇ ಜಾಗ ಕಾದಿರಿಸಿದ್ದರು. ಪರಿಚಯದವರು ಹೇಳಿದರಷ್ಟೇ ಹೊಸಬರನ್ನು ಸೇರಿಸುವ ಅಂಗಡಿ. ಆ ದಿನ ಬೆಳಿಗ್ಗೆ ಅವರಿಗೆ ಜ್ವರ ಬಂತು. ಅದೇ ದಿನ ರದ್ದು ಮಾಡಿದರೆ ಪೂರ್ತಿ ಹಣ ಕಟ್ಟಬೇಕು. ಆದರೆ ಅವರ ಸಂಕಟ ಹಣದ್ದಲ್ಲ. ಎಂಟು ಜನರಿಗೆಂದು ಕೊಂಡ ಮೀನಿನ ಮುಂದೆ ಒಂದು ಆಸನ ಖಾಲಿ ಉಳಿಯುತ್ತದಲ್ಲ ಎಂಬುದು. ಅಂಗಡಿಗೆ ಫೋನ್ ಮಾಡಿ ಒಪ್ಪಿಸಿ, ತಮ್ಮ ಬದಲು ನನ್ನನ್ನು ಕಳುಹಿಸಿದರು. ತೆರಿಗೆ ಸೇರಿ 27,500 ಯೆನ್. ಹಣ ನನ್ನದು, ಹೆಸರು ಅವರದು. ಈ ಎರಡನೆಯದೇ ಈಗ ನನಗೆ ಕಂಟಕವಾಗಿದೆ.

ಬಾಗಿಲು ಹುಡುಕುವುದರಲ್ಲೇ ಅರ್ಧ ಜೀವ ಹೋಯಿತು. ಇಲ್ಲಿನ ವಿಳಾಸದಲ್ಲಿ ಬೀದಿಯ ಹೆಸರಿರುವುದಿಲ್ಲ. ಬಡಾವಣೆ, ಬ್ಲಾಕ್, ಕಟ್ಟಡ ಎಂದು ಮೂರು ಸಂಖ್ಯೆಗಳಷ್ಟೇ. ಮೊಬೈಲಿನ ನೀಲಿ ಚುಕ್ಕೆ ಒಂದೇ ಕಟ್ಟಡದ ಸುತ್ತ ಮೂರು ಪ್ರದಕ್ಷಿಣೆ ಹಾಕಿಸಿತು. ನೆಲಮಾಳಿಗೆಗೆ ಇಳಿದು ಮೊದಲು ಕಂಡ ಬಾಗಿಲು ತೆಗೆದರೆ ಒಳಗೆ ಸಾಲಾಗಿ ವಿದ್ಯುತ್ ಮೀಟರುಗಳು, ಒಂದು ನೆಲ ಒರೆಸುವ ಕೋಲು. ಅದರ ಪಕ್ಕದ ಬಾಗಿಲಿಗೆ ಫಲಕವಿಲ್ಲ, ದೀಪವಿಲ್ಲ; ಮೇಲೆ ಒಂದು ಗೇಣು ಬಟ್ಟೆಯ ನೋರೆನ್, ಅಂದರೆ ಬಾಗಿಲ ಪರದೆ, ಮಾತ್ರ ತೂಗುತ್ತಿತ್ತು. ಐದೂವರೆಗೆ ಎಂಟೂ ಜನರಿಗೆ ಒಟ್ಟಿಗೇ ಊಟ ಶುರು. ನಾನು ಒಳಗೆ ಹೋದಾಗ ಐದು ಇಪ್ಪತ್ತಾರು, ಏಳು ಜನ ಆಗಲೇ ಕುಳಿತಿದ್ದರು.

ಹಿನೋಕಿ ಮರದ ಉದ್ದನೆಯ ಕಟ್ಟೆ, ಅದರಾಚೆ ಸುಮಾರು ಐವತ್ತರ ಒಬ್ಬ ಬಾಣಸಿಗರು, ಅವರ ಹಿಂದೆ ಶಾರ್ಕಿನ ಚರ್ಮದ ಹಲಗೆಯ ಮೇಲೆ ಖಾರದ ವಸಾಬಿ ಗಡ್ಡೆ ತೇಯುತ್ತಿದ್ದ ಹುಡುಗ. ಸಂಗೀತವಿಲ್ಲ, ಮೆನು ಇಲ್ಲ. ‘ಒಮಾಕಾಸೆ’ ಎಂದರೇ ‘ನಿಮಗೆ ಬಿಟ್ಟಿದ್ದೇನೆ’ ಎಂದಲ್ಲವೇ. ತಿನ್ನಲಾಗದ್ದು ಏನಾದರೂ ಇದೆಯೇ ಎಂದು ಕೇಳಿದರು. ಸಂಕೋಚಕ್ಕೆ ಇಲ್ಲ ಎಂದೆ. ಮೊದಲ ಬಟ್ಟಲಿನಲ್ಲಿ ಬೆಳ್ಳಗೆ, ಮೆತ್ತಗೆ, ಸುರುಳಿ ಸುರುಳಿಯಾಗಿ ಏನೋ ಇತ್ತು. ಮೇಲೆ ಹುಳಿ ರಸ. ತೋಫು ಎಂದುಕೊಂಡು ತಿಂದೆ. ಮನೆಗೆ ಬಂದು ಹುಡುಕಿದರೆ ಅದು ಶಿರಾಕೋ, ಕಾಡ್ ಮೀನಿನ ವೀರ್ಯಕೋಶ. ಬೆಳ್ಳಗಿರುವುದೆಲ್ಲ ತೋಫು ಅಲ್ಲ.

ಇರಲಿ, ತಪ್ಪುಗಳ ವಿಷಯಕ್ಕೆ ಬರುತ್ತೇನೆ. ಮೊದಲ ಸುಶಿ ಹಿರಾಮೆ ಮೀನಿನದು. ಎರಡನೆಯದು ಸುಮಿ-ಇಕಾ, ಹಾಲಿನಂಥ ಬಿಳುಪಿನ ಕಟ್ಲ್‌ಫಿಶ್. ಎಲ್ಲರ ಮುಂದೆಯೂ ಶುಂಠಿ ಇತ್ತು, ಸೋಯಾ ಬಟ್ಟಲು ಯಾರ ಮುಂದೆಯೂ ಇರಲಿಲ್ಲ. ಮರೆತಿರಬೇಕು ಎಂದುಕೊಂಡು ‘ಶೋಯು ಕುದಸಾಯಿ’ ಎಂದೆ. ಅವರ ಕೈ ಒಂದು ಕ್ಷಣ ನಿಂತಿತು. ನಂತರ ‘ಹಾಯ್’ (ಆಗಲಿ) ಎಂದರು, ಹುಡುಗ ಪುಟ್ಟ ಬಟ್ಟಲು ತಂದಿಟ್ಟ. ಅದರಲ್ಲಿ ಸುಶಿಯನ್ನು ಅನ್ನದ ಕಡೆಯಿಂದ ಅದ್ದಿದೆ. ಅನ್ನ ಅಲ್ಲೇ ಬಿಚ್ಚಿಕೊಂಡು ತೇಲತೊಡಗಿತು. ಎಡಚಿಯಾದ ನನ್ನ ಮೊಣಕೈ ಪಕ್ಕದ ಹಿರಿಯರ ಕೈಗೆ ಅಷ್ಟರಲ್ಲಿ ಎರಡು ಸಲ ತಗುಲಿತ್ತು. ಅವರು ತಮ್ಮ ಚಹಾದೊಳಗೆ ಏನೋ ಕಳೆದುಹೋದಂತೆ ನೋಡುತ್ತ ಕುಳಿತರು. ಮೂರನೆಯ ಸುಶಿಯಿಂದ ಬಾಣಸಿಗರು ನನಗೆ ಬಡಿಸುವ ರೀತಿಯನ್ನೇ ಬದಲಿಸಿದರು. ಉಳಿದವರ ಮುಂದೆ ಒಂದು ಓರೆಯಲ್ಲಿ ಇಟ್ಟರೆ ನನ್ನ ಮುಂದೆ ಮಾತ್ರ ಅದರ ತದ್ವಿರುದ್ಧ ಓರೆಯಲ್ಲಿ. ಬೇಸರವಾಗಿರಬೇಕು. ಆ ಬಟ್ಟಲು ಮಾತ್ರ ಕೊನೆಯವರೆಗೂ ನನ್ನೆದುರು ಸಾಕ್ಷಿಯಂತೆ ಕುಳಿತಿತ್ತು.

ಎದ್ದು ಬರುವಾಗ ‘ಒಆಯ್ಸೊ’ ಎಂದು ಬಿಲ್ ಕೇಳಿದೆ. ಅದೂ ತಪ್ಪಂತೆ.

ರುಚಿಯ ಬಗ್ಗೆ ಒಂದೇ ಮಾತು: ಅನ್ನ ಬೆಚ್ಚಗಿತ್ತು, ಬಣ್ಣ ತುಸು ಕಂದು. ಸುಶಿಯ ಅನ್ನ ತಣ್ಣಗೆ ಬೆಳ್ಳಗಿರುತ್ತದೆ ಎಂದೇ ಇಷ್ಟು ದಿನ ನಂಬಿದ್ದೆ. ಕೊಹಾದಾ ಎಂಬ ಬೆಳ್ಳಿಬಣ್ಣದ ಪುಟ್ಟ ಮೀನಿನ ಸುಶಿಯನ್ನು ಬಾಯಿಗಿಟ್ಟ ಹತ್ತು ಸೆಕೆಂಡು ಆ ಬಟ್ಟಲನ್ನೂ ಮರೆತಿದ್ದೆ.

ಸಹೋದ್ಯೋಗಿ ಸೋಮವಾರ ಕಚೇರಿಗೆ ಬರುತ್ತಾರೆ. ಮೊದಲೇ ಕ್ಷಮೆ ಕೇಳಲೇ, ಅಥವಾ ಸುಮ್ಮನಿರಲೇ?

---

ತೊಯೊಸು ಲೆಕ್ಕಿಗ

ತೊಯೊಸು ಮಾರುಕಟ್ಟೆಯಲ್ಲಿ ಮೀನು ವ್ಯಾಪಾರಿಯೊಬ್ಬರ ಬಳಿ ನಾಲ್ಕು ವರ್ಷ ಲೆಕ್ಕ ಬರೆದವನು ನಾನು. ಇಂಥ ಬಾಣಸಿಗರನ್ನು ದಿನಾ ಬೆಳಗಿನ ಜಾವ ರಬ್ಬರ್ ಬೂಟಿನಲ್ಲಿ ಕಂಡಿದ್ದೇನೆ. ಅಲ್ಲಿ ಅವರು ಮೀನಿನ ಹೊಟ್ಟೆ ಒತ್ತಿ ನೋಡುತ್ತ ಚೌಕಾಸಿ ಮಾಡುವ ಸಾಧಾರಣ ಮನುಷ್ಯರು. ಆದ್ದರಿಂದ ಮೊದಲು ಸ್ವಲ್ಪ ಉಸಿರಾಡಿ.

ಸೋಯಾ ಬಟ್ಟಲು ಇಡದಿದ್ದುದು ಮರೆವಲ್ಲ. ಸೋಯಾಗೆ ಮಿರಿನ್ (ಅಡುಗೆಯ ಸಿಹಿ ಮದ್ಯ) ಅಥವಾ ಸಾಕೆ (ಅಕ್ಕಿಯ ಮದ್ಯ) ಸೇರಿಸಿ ಕುದಿಸಿದ ‘ನಿಕಿರಿ’ಯನ್ನು ಅವರು ಕುಂಚದಿಂದ ಮೀನಿನ ಮೇಲೆ ಆಗಲೇ ಸವರಿರುತ್ತಾರೆ. ಕಟ್ಲ್‌ಫಿಶ್‌ಗೆ ಕೆಲವರು ಬರೀ ಉಪ್ಪು, ನಿಂಬೆ ಜಾತಿಯ ಹುಳಿ ಹಿಂಡುವುದೂ ಉಂಟು. ವಸಾಬಿಯೂ ಒಳಗೇ ಇರುತ್ತದೆ. ಅಂದರೆ ಉಪ್ಪು ಹಾಕಿ ಒಗ್ಗರಣೆ ಕೊಟ್ಟು ಬಡಿಸಿದ್ದಕ್ಕೆ ನೀವು ಇನ್ನೊಮ್ಮೆ ಉಪ್ಪು ಕೇಳಿದಂತಾಯಿತು. ಕೈ ನಿಂತದ್ದು ಅದಕ್ಕೆ. ಕೋಪಕ್ಕಲ್ಲ, ತಮ್ಮ ಕೈಯ ಉಪ್ಪು ಕಡಿಮೆಯಾಯಿತೇ ಎಂಬ ಅನುಮಾನಕ್ಕೆ ಎಂದೇ ನನ್ನ ಊಹೆ.

ಅನ್ನ ಬಿಚ್ಚಿಕೊಂಡದ್ದು ಕೂಡ ನಿಮ್ಮ ತಪ್ಪಲ್ಲ. ‘ಶಾರಿ’, ಅಂದರೆ ಸುಶಿಯ ಅನ್ನ, ಹೊರಗೆ ಒಗ್ಗಟ್ಟಾಗಿ ಒಳಗೆ ಗಾಳಿ ಉಳಿಯುವಂತೆ ಕಟ್ಟಿರುತ್ತದೆ. ಬಾಯಿಗೆ ಹೋದ ಕೂಡಲೇ ಬಿಚ್ಚಬೇಕು, ಅದೇ ಕಸುಬು. ದ್ರವಕ್ಕೆ ಅದ್ದಿದರೆ ಬಾಯಿ ಯಾವುದು, ಬಟ್ಟಲು ಯಾವುದು ಎಂದು ಅದಕ್ಕೇನು ಗೊತ್ತು? ಬಟ್ಟಲು ಇಟ್ಟಿರುವ ಅಂಗಡಿಗಳಲ್ಲಿ ಮಗುಚಿ, ಮೀನಿನ ಅಂಚನ್ನು ಮಾತ್ರ ತಾಗಿಸಬೇಕು. ಕೈಯಲ್ಲಿ ತಿಂದರೆ ಅದು ಸುಲಭ, ಕೈಯಲ್ಲಿ ತಿನ್ನುವುದು ಅಲ್ಲಿ ಅಸಭ್ಯವೇನೂ ಅಲ್ಲ. ಕಂದು ಬಣ್ಣ ಅಕಾಜುವಿನದು: ಸಾಕೆ ಹಿಂಡಿ ಉಳಿದ ಗಷ್ಟನ್ನು ವರ್ಷಗಟ್ಟಲೆ ಹಳೆಯದಾಗಿಸಿ ತೆಗೆಯುವ ಕೆಂಪು ವಿನೆಗರ್. ಮೈಬಿಸಿಯಷ್ಟು ಬೆಚ್ಚಗಿನ ಅನ್ನವೂ ಉದ್ದೇಶಪೂರ್ವಕ. ಅದಕ್ಕೇ ಅವರು ಮುಂದಿಟ್ಟ ಕೂಡಲೇ ತಿನ್ನಬೇಕು. ಫೋಟೋಗೆಂದು ಎರಡು ನಿಮಿಷ ಕಾಯಿಸುವವರ ಮೇಲೆ ಅವರಿಗೆ ನಿಜವಾದ ಸಿಟ್ಟು ಬರುತ್ತದೆ. ನೀವು ಕಾಯಿಸಿದಿರಾ? ಇಲ್ಲವಲ್ಲ.

ಕೊಹಾದಾ ಹಿಡಿಸಿತು ಎಂದಿರಿ, ಅದನ್ನು ಓದಿ ನನಗೆ ಖುಷಿಯಾಯಿತು. ಮಾರುಕಟ್ಟೆಯಲ್ಲಿ ಅದು ದುಬಾರಿ ಮೀನಲ್ಲ. (ಬೇಸಿಗೆಯಲ್ಲಿ ಬರುವ ಅದರ ಮರಿ ಶಿಂಕೋ ಮಾತ್ರ ಬೆಂಕಿ ಬೆಲೆ.) ಮುಳ್ಳು ಹೆಚ್ಚು, ಹಸಿಯಾಗಿ ವಾಸನೆ. ಅದನ್ನು ಸೀಳಿ, ಉಪ್ಪಿನಲ್ಲಿಟ್ಟು, ತೊಳೆದು, ವಿನೆಗರಿನಲ್ಲಿ ಅದ್ದಿ, ಮತ್ತೆ ವಿಶ್ರಾಂತಿಗೆ ಬಿಡಬೇಕು. ಉಪ್ಪಿನಲ್ಲಿ ಎಷ್ಟು ನಿಮಿಷ ಎಂಬುದು ಆ ದಿನದ ಮೀನಿನ ಗಾತ್ರ, ಕೊಬ್ಬು, ಹವೆ ನೋಡಿ ಬದಲಾಗುತ್ತದೆ. ಟ್ಯೂನಾ ಚೆನ್ನಾಗಿದ್ದರೆ ಅರ್ಧ ಹೊಗಳಿಕೆ ಮಾರಿದವನಿಗೆ ಹೋಗುತ್ತದೆ. ಕೊಹಾದಾ ಚೆನ್ನಾಗಿದ್ದರೆ ಪೂರ್ತಿ ಬಾಣಸಿಗನಿಗೆ. ಕ್ಷಮೆ ಕೇಳುವ ಬದಲು ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಿ. ಅದು ಅಂಗಡಿಯವರೆಗೆ ತಲುಪಿಯೇ ತಲುಪುತ್ತದೆ.

ಇನ್ನು ಆ ‘ತದ್ವಿರುದ್ಧ ಓರೆ’. ನೀವು ಎಡಚಿ ಎಂದು ನೀವೇ ಬರೆದಿದ್ದೀರಿ. ಇನ್ನೊಮ್ಮೆ ಓದಿಕೊಳ್ಳಿ.

---

ನಿಂತು ತಿನ್ನುವವನು

ಎಲ್ಲರೂ ಇಷ್ಟು ಭಯಭಕ್ತಿಯಿಂದ ಬರೆಯುತ್ತಿರುವುದರಿಂದ ನಾನು ಅಪಶ್ರುತಿ ಹಾಡುತ್ತೇನೆ.

ಕೈಯಲ್ಲಿ ಒತ್ತಿ ಕೊಡುವ ಈ ನಿಗಿರಿ ಸುಶಿ 1820ರ ದಶಕದ ಎದೋ ನಗರದ (ಈಗಿನ ಟೋಕಿಯೋ) ಬೀದಿ ತಿಂಡಿ. ಹನಾಯಾ ಯೊಹೇಯಿ ಎಂಬಾತನ ಹೆಸರನ್ನು ಅದಕ್ಕೆ ಜೋಡಿಸುತ್ತಾರೆ. ಗಾಡಿಯ ಮುಂದೆ ನಿಂತು, ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡ ತುಂಡುಗಳನ್ನು ನುಂಗಿ ಕೆಲಸಕ್ಕೆ ಓಡುತ್ತಿದ್ದರು. ಈಗ ಎಲ್ಲರೂ ಕಣ್ಣು ಮುಚ್ಚಿ ತಿನ್ನುವ ಟ್ಯೂನಾದ ಕೊಬ್ಬಿನ ಭಾಗವನ್ನು ಆಗ ಕೇಳುವವರಿರಲಿಲ್ಲ. ಅದೇ ತಿಂಡಿ ಈಗ ನೆಲಮಾಳಿಗೆಯಲ್ಲಿ, ಫಲಕವಿಲ್ಲದ ಬಾಗಿಲ ಹಿಂದೆ ಅಡಗಿ ಕುಳಿತಿದೆ. ತಿಂದವರು ಮೂರು ದಿನ ನಿದ್ದೆಗೆಟ್ಟಿದ್ದಾರೆ. ಹಣ ಕೊಟ್ಟವರು ಪರೀಕ್ಷೆಗೆ ಕುಳಿತಂತೆ ಕೂರಬೇಕು ಎನ್ನುವುದಾದರೆ ಅಂಗಡಿಯವರಿಗೇನು ಕೆಲಸ?

2014ರಲ್ಲಿ ಒಬಾಮಾ ಮತ್ತು ಜಪಾನಿನ ಆಗಿನ ಪ್ರಧಾನಿ ಶಿಂಜೊ ಆಬೆ ಊಟ ಮಾಡಿದ ಸುಕಿಯಾಬಾಶಿ ಜಿರೋ ಕೂಡ ಗಿಂಜಾದ ನೆಲಮಾಳಿಗೆಯದೇ. ಹೋಟೆಲುಗಳಿಗೆ ದರ್ಜೆ ಕೊಡುವ ಮಿಶಲಿನ್ ಕೈಪಿಡಿಯ ಮೂರು ನಕ್ಷತ್ರಗಳಿದ್ದ ಆ ಅಂಗಡಿಯನ್ನು 2019ರಲ್ಲಿ ಮಿಶಲಿನ್ ತನ್ನ ಪಟ್ಟಿಯಿಂದ ಬಿಟ್ಟಿತು. ಅಡುಗೆ ಕೆಟ್ಟದ್ದರಿಂದಲ್ಲ, ಸಾಮಾನ್ಯ ಜನ ಅಲ್ಲಿ ಜಾಗ ಕಾದಿರಿಸಲು ಆಗುವುದಿಲ್ಲ ಎಂಬ ಕಾರಣಕ್ಕೆ. ಅಡಗಿಕೊಳ್ಳುವುದೇ ಹಿರಿಮೆಯಾದರೆ ಹೀಗೆಯೇ.

ನನ್ನ ಸಲಹೆ: ನಿಲ್ದಾಣಗಳ ಹತ್ತಿರ ನಿಂತು ತಿನ್ನುವ ಸುಶಿ ಅಂಗಡಿಗಳಿವೆ. ಒಂದೊಂದೇ ತುಂಡು ಕೇಳಿ, ತಿಂದು, ಇಪ್ಪತ್ತು ನಿಮಿಷದಲ್ಲಿ ಹೊರಗೆ ಬನ್ನಿ. ಅಲ್ಲಿ ಸೋಯಾ ಬಟ್ಟಲು ಕೇಳಿದರೆ ಯಾರ ಕೈಯೂ ನಿಲ್ಲುವುದಿಲ್ಲ.

---

ತೊಯೊಸು ಲೆಕ್ಕಿಗ

ನಿಂತು ತಿನ್ನುವವರೇ, ನಿಮ್ಮ ಇತಿಹಾಸ ಸರಿ, ತೀರ್ಮಾನ ಸರಿಯಿಲ್ಲ. ಒಬ್ಬರು ಒಂದು ಸರದಿಗೆ ಎಂಟು ಜನರ ಕೈ, ಬಾಯಿ, ವೇಗವನ್ನು ಗಮನಿಸಬಹುದು. ಹದಿನಾರು ಜನರದ್ದು ಆಗದು. ಸಣ್ಣ ಕೋಣೆ ಅದಕ್ಕಾಗಿ. ಫಲಕವಿಲ್ಲದಿರುವುದು ಮಾತ್ರ ಸ್ವಲ್ಪ ಜಂಬವೇ, ಒಪ್ಪುತ್ತೇನೆ.

---

ಸೌತೆಕಾಯಿ

ವಿಷಯಾಂತರಕ್ಕೆ ಕ್ಷಮಿಸಿ. ನಾನು ಸಸ್ಯಾಹಾರಿ, ಪತಿ ಎಲ್ಲವನ್ನೂ ತಿನ್ನುತ್ತಾರೆ. ಏಪ್ರಿಲ್‌ನಲ್ಲಿ ಟೋಕಿಯೋಗೆ ಹೋಗುವಾಗ ಇಂಥ ಅಂಗಡಿಗೆ ಜೊತೆಗೆ ಹೋಗಿ, ನನ್ನ ಮಟ್ಟಿಗೆ ಸೌತೆಕಾಯಿ ಸುಶಿ ಕೊಡಿ ಎನ್ನಬಹುದೇ?

---

ನಿಂತು ತಿನ್ನುವವನು

ಬೇಡ. ಈ ವಿಷಯದಲ್ಲಿ ಲೆಕ್ಕಿಗರೂ ನಾನೂ ಒಂದೇ ಪಕ್ಷ. ಮೊಟ್ಟೆ ತಿನ್ನುವವರಾದರೂ ಅಲ್ಲಿನ ಮೊಟ್ಟೆಯೊಳಗೆ ಸೀಗಡಿಯೋ ಮೀನಿನ ಸಾರೋ ಇರುತ್ತದೆ. ಸೋರೆಯ ಎಳೆಗಳ ಕಂಪ್ಯೋ ಸುರುಳಿ ನೋಡಲು ತರಕಾರಿ, ಬೇಯಿಸುವುದು ಹೆಚ್ಚಾಗಿ ದಾಶಿ ಎಂಬ ತಿಳಿಸಾರಿನಲ್ಲಿ. ದಾಶಿಗೆ ಒಣಗಿಸಿದ ಕತ್ಸುಒ ಮೀನಿನ ಹೊಪ್ಪಳೆ ಹಾಕುತ್ತಾರೆ. ಪತಿಯನ್ನು ಒಬ್ಬರನ್ನೇ ಕಳುಹಿಸಿ. ನೀವು ಅಂದು ಬೌದ್ಧ ಸಂಪ್ರದಾಯದ ಸಸ್ಯಾಹಾರ ಶೋಜಿನ್ ರ್ಯೋರಿ ಬಡಿಸುವಲ್ಲಿಗೆ ಹೋಗಿ, ಅಲ್ಲಿಯೂ ದಾಶಿ ಯಾವುದರದ್ದು ಎಂದು ಒಮ್ಮೆ ಕೇಳಿಕೊಳ್ಳಿ.

---

ಎರಡನೆಯ ಚಹಾ

‘ಒಆಯ್ಸೊ’ ಬಗ್ಗೆ ಯಾರೂ ಹೇಳಲಿಲ್ಲ. ಅದು ಅಂಗಡಿಯವರ ಒಳಮಾತು. ಉಪಚಾರ ಸಾಲದೇ ಹೋಯಿತು ಎಂದು ವಿನಯದಿಂದ ಅವರು ಹೇಳುವುದು. ಗಿರಾಕಿಯೇ ಹೇಳಿದರೆ ‘ನಿಮ್ಮ ಉಪಚಾರ ಸಾಲದು, ಬಿಲ್ ಕೊಡಿ’ ಎಂದಂತೆ ಆಗಿಬಿಡುತ್ತದೆ. ಆದರೆ ಜಪಾನೀಯರಲ್ಲೇ ಎಷ್ಟೋ ಜನ ಹಾಗೆ ಹೇಳುತ್ತಾರೆ, ನನ್ನ ಮಾವನವರು ಪ್ರತಿ ಸಲ ಹೇಳುತ್ತಾರೆ. ‘ಒಕಾಯ್ಕೇಯಿ’ ಎಂದರೆ ಸಾಕು. ಸೋಯಾಗೆ ‘ಮುರಸಾಕಿ’, ಚಹಾಗೆ ‘ಅಗಾರಿ’ ಎಂಬಂಥವನ್ನೂ ಅವರಿಗೇ ಬಿಡಿ.

---

ಮರೆತ ಕೊಡೆ

ಎಲ್ಲರಿಗೂ ಧನ್ಯವಾದ. ಲೆಕ್ಕಿಗರ ಕೊನೆಯ ಸಾಲು ಓದಿ, ಊಟದ ಮೇಜಿನ ಮೇಲೆ ಒಂದು ರಬ್ಬರನ್ನು ಆ ಓರೆಯಲ್ಲಿ ಇಟ್ಟು ಎಡಗೈಯಲ್ಲಿ ಎತ್ತಿ ನೋಡಿದೆ. ನೇರವಾಗಿ ಬೆರಳಿಗೆ ಬಂತು. ಇನ್ನೊಂದು ಓರೆಯಲ್ಲಿ ಇಟ್ಟರೆ ಮಣಿಕಟ್ಟನ್ನು ತಿರುಚಬೇಕು. ಮೂರನೆಯ ಸುಶಿಯಿಂದ ಕೊನೆಯವರೆಗೆ ನಾನು ಒಮ್ಮೆಯೂ ಮಣಿಕಟ್ಟು ತಿರುಚಿರಲಿಲ್ಲ. ಎರಡು ತುಂಡು ನೋಡಿ ಅವರಿಗೆ ತಿಳಿದದ್ದು ನನಗೆ ತಿಳಿಯಲು ಮೂರು ದಿನ ಬೇಕಾಯಿತು.

ಸೋಮವಾರ ಸಹೋದ್ಯೋಗಿ ಬಂದರು. ಬಟ್ಟಲಿನ ಕಥೆಯನ್ನು ನಾನೇ ಹೇಳಿದೆ. ಅಂಗಡಿಯವರು ಆ ವಿಷಯ ಎತ್ತಿಯೇ ಇರಲಿಲ್ಲವಂತೆ. ತಾವು ಬರಲಾಗದ್ದಕ್ಕೆ ಕ್ಷಮೆ ಕೇಳಲು ಸಹೋದ್ಯೋಗಿ ಫೋನ್ ಮಾಡಿದಾಗ ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: ಮುಂದಿನ ಸಲ ಇಬ್ಬರೂ ಬರುವುದಾದರೆ ನನಗೆ ಕಟ್ಟೆಯ ಎಡತುದಿಯ ಆಸನ ಇಡಲೇ ಎಂದು. ಅಲ್ಲಿ ಎಡಕ್ಕೆ ಗೋಡೆ, ಯಾರ ಮೊಣಕೈಯೂ ಇಲ್ಲ.

ಫೆಬ್ರುವರಿಯ ಮೂರನೆಯ ವಾರಕ್ಕೆ ಕಾದಿರಿಸಿದ್ದಾರೆ. ನಿಂತು ತಿನ್ನುವವರ ಅಂಗಡಿಗೂ ಅದರ ನಡುವೆ ಒಮ್ಮೆ ಹೋಗುತ್ತೇನೆ, ಜೇಬಿನ ಹಿತಕ್ಕಾಗಿ. ಒಂದೇ ಅನುಮಾನ ಉಳಿದಿದೆ: ಆಗಲೂ ಶಿರಾಕೋ ಕಾಲವೇ? ಹೌದಾದರೆ ನಯವಾಗಿ ಬೇಡ ಎನ್ನುವುದು ಹೇಗೆ?

---

ಎರಡನೆಯ ಚಹಾ

ಕಾಲವೇ. ‘ಶಿರಾಕೋ ವಾ ಚೊತ್ತೋ ನಿಗಾತೆ ದೆಸು’ ಎನ್ನಿ. ಅದು ನನಗೆ ಅಷ್ಟಾಗಿ ಒಗ್ಗದು ಎಂದಷ್ಟೇ ಅರ್ಥ, ಯಾರಿಗೂ ನೋವಾಗದು. ಆದರೆ ಕುಳಿತ ಮೇಲೆ ಹೇಳಬೇಡಿ, ಸಹೋದ್ಯೋಗಿಯ ಮೂಲಕ ಈಗಲೇ ಹೇಳಿಸಿ. ಮೀನನ್ನು ಅವರು ಬೆಳಿಗ್ಗೆಯೇ ಕೊಂಡಿರುತ್ತಾರೆ.