32 ವಾರಕ್ಕ ಹುಟ್ಟಿದ ಕೂಸು ಮನಿಗಿ ಬಂದದ, ಈ ಬಿಸಿಲಾಗ ಹೆಂಗ ನೋಡ್ಕೋಬೇಕ್ರಿ?

ಸೇಡಂ ಕಡೆಯವ:
ಹೆಣ್ಣುಕೂಸು, ಇವತ್ತಿಗಿ 24 ದಿನ, ತೂಕ 1.9 ಕೆಜಿ. ನಿನ್ನಿ ಡಿಸ್ಚಾರ್ಜ್ ಆಗ್ಯದ. ದವಾಖಾನ್ಯಾಗ ಬೆಚ್ಚಗಿಡ್ರಿ ಅಂದಾರ, ಹೊರಗ ನೋಡಿದ್ರ 42 ಡಿಗ್ರಿ. ಕುಂಚಿಗಿ, ಸಾಕ್ಸ್, ದುಪ್ಪಟಿ ಎಲ್ಲಾ ಬೇಕಾ? ಕೂಲರ್ ಹಚ್ಚಬಹುದಾ? ಹಾಲು ಹಿಂಡಿ ಒಳಲ್ಯಾಗ ಕುಡಸ್ಲತೇವಿ, ಸಲಕ್ಕ ಎಷ್ಟು? ಹಿರಿಯರು ಹೊರಸಿನ ಬುಡಕ ಕೆಂಡ ಇಡ್ರಿ ಅನ್ಲತಾರ.

ಎಸ್‌ಎನ್‌ಸಿಯು ಸಿಸ್ಟರ್:
ಎಸ್‌ಎನ್‌ಸಿಯು ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಅಲ್ಲಿನ ನರ್ಸ್ ನಾನು. ಕೈಯ ಹಿಂಬದಿಯಿಂದ ಮೊದಲು ಹೊಟ್ಟೆ, ಆಮೇಲೆ ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ತಾಯಿಯ ಎದೆಗೆ ಹಾಕಿ. ಎರಡೂ ತಣ್ಣಗಿದ್ದರೆ ಎದೆಗೆ ಅಪ್ಪಿಕೊಂಡೇ ದವಾಖಾನೆಗೆ ಹೊರಡಿ.

ಕಂಕುಳಲ್ಲಿ ಥರ್ಮಾಮೀಟರ್ 97.7ರಿಂದ 99.5 ಫ್ಯಾರನ್‌ಹೀಟ್ ತೋರಿಸಬೇಕು. ದಾಟಿತೋ, ಕುಂಚಿಗೆ ಮತ್ತು ಒಂದು ಪದರ ಬಟ್ಟೆ ತೆಗೆದು, ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಬಿಸಿಲಿನ ಮೇಲೆ ಹಾಕಿ ಕೂರಬೇಡಿ, ಸೋಂಕಿರಬಹುದು, ತೋರಿಸಿ.

ಕೂಲರ್ ಹಚ್ಚಿ, ಅದರ ಮುಖ ಗೋಡೆ ಕಡೆ ತಿರುಗಿಸಿ, ನೀರು ದಿನಾ ಬದಲಿಸಿ. ಕೆಂಡ ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ, ತಾಯಿಗೂ ಅಪಾಯ. ಲೋಬಾನದ ಹೊಗೆಯೂ ಬೇಡ.

ಕಾಂಗರೂ ಆರೈಕೆ, ಅಂದರೆ ಮೈಗೆ ಮೈ ತಾಗುವಂತೆ ಕೂಸನ್ನು ಎದೆಗೆ ಹಾಕಿಕೊಳ್ಳುವುದು, ಬೇಸಿಗೆಯಲ್ಲೂ ನಿಲ್ಲಿಸಬೇಡಿ, ದಿನಕ್ಕೆ 8 ಗಂಟೆಯಾದರೂ ಇರಲಿ. ತಲೆ ಒಂದು ಮಗ್ಗುಲಿಗೆ, ಗದ್ದ ಸ್ವಲ್ಪ ಮೇಲಕ್ಕೆ. ಕತ್ತು ಮುಂದಕ್ಕೆ ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ. ಅಪ್ಪನೂ ಎದೆಗೆ ಹಾಕಿಕೊಳ್ಳಬಹುದು.

ತೊಗರಿ ನಾಡು:
ಹಾಲಿನ ಲೆಕ್ಕ ಹಿಂಗದ: ಕೆಜಿಗೆ ದಿನಕ್ಕ 160 ಮಿಲಿ ಹಿಡಿದ್ರ ಸುಮಾರು 300 ಆಗ್ತದ. ಎರಡು ತಾಸಿಗೊಮ್ಮೆ ಅಂದ್ರ 12 ಸಲ, ಸಲಕ್ಕ 25 ಮಿಲಿ. ದವಾಖಾನಿ ಚೀಟ್ಯಾಗ ಬ್ಯಾರೆ ಬರದಿದ್ರ ಚೀಟ್ಯಾಗಿಂದೇ ಖರೆ. ರಾತ್ರಿ ಮಲಗಿದ್ರೂ ಎಬ್ಬಿಸ್ರಿ. ಒಳಲಿ ತುದಿ ಕೆಳತುಟಿ ಮ್ಯಾಲ ಇಟ್ಟು, ಒಂದು ಗುಟುಕು ನುಂಗಿದ ಮ್ಯಾಲ ಇನ್ನೊಂದು. ಸುರುವಿದ್ರ ಶ್ವಾಸಕ್ಕ ಹೋಗ್ತದ.

ಹಿಂಡಿದ ಹಾಲು ಹೊರಗ 4 ತಾಸು ಇರ್ತದ ಅನ್ನೋದು 25 ಡಿಗ್ರಿ ಕೋಣಿ ಮಾತು, ನಮ್ಮ ಬಿಸಿಲಿಗಲ್ಲ. ಆಗಲೇ ಕುಡಸ್ರಿ, ಇಲ್ಲಾ ಫ್ರಿಜ್ಜಿನ್ಯಾಗ ಇಟ್ಟು 24 ತಾಸಿನ್ಯಾಗ ಮುಗಸ್ರಿ. ಬಿಸಿಲದ ಅಂತ ನೀರು ಹಾಕಬ್ಯಾಡ್ರಿ, ಜೇನು, ಗುಟ್ಟಿನೂ ಬ್ಯಾಡ. ದಿನಕ್ಕ 6 ಸಲ ಉಚ್ಚಿ ಹೊಯ್ದರ ಹಾಲು ಸಾಲ್ತದ.

ವಿಟಮಿನ್ ಡಿ ಹನಿ ಮಿಲಿಗೆ 400 ಐಯು, 800 ಐಯು ಎರಡೂ ಸಿಗ್ತಾವ. ಮೆಡಿಕಲ್‌ನವ್ರು ಕಂಪನಿ ಬದಲಿಸಿ ಕೊಟ್ರ ಲೇಬಲ್ ಓದ್ರಿ, ಹಳೆ ಡ್ರಾಪರ್ ಬಳಸಬ್ಯಾಡ್ರಿ.

ಎಸ್‌ಎನ್‌ಸಿಯು ಸಿಸ್ಟರ್:
24 ದಿನ ಅಂದಿರಿ. ಆರ್‌ಒಪಿ (ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಬರುವ ಕಣ್ಣಿನ ಪರದೆಯ ತೊಂದರೆ) ಇದೆಯಾ ಎಂದು ಕಣ್ಣಿನ ತಪಾಸಣೆ ಆಗಿದೆಯಾ? 34 ವಾರದೊಳಗೆ ಅಥವಾ 2 ಕೆಜಿಗಿಂತ ಕಡಿಮೆ ತೂಕಕ್ಕೆ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಆಗಲೇಬೇಕು. ಹೊರಗಿನಿಂದ ಕಣ್ಣು ಚೆಂದವೇ ಕಾಣುತ್ತದೆ, ಹಿಂದಿನ ಪರದೆಯಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆಯುತ್ತಿರಬಹುದು. ಒಮ್ಮೆ ಸರಿಯಿದೆ ಅಂದರೂ ಮುಂದಿನ ತಾರೀಖು ತಪ್ಪಿಸಬೇಡಿ.

ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಎದೆ ಗುಳಿ ಬೀಳುವುದು, ಹಾಲು ಕುಡಿಯುವುದನ್ನೇ ಬಿಡುವುದು, ಅಂಗಾಲು ಹಳದಿ: ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ.

ಸೇಡಂ ಕಡೆಯವ:
ಕಣ್ಣಿಂದು ಚೀಟ್ಯಾಗ ಎಲ್ಲೂ ಬರದಿಲ್ರಿ. ನಾಳಿಗೇ ಕರ್ಕೊಂಡು ಹೋಗ್ತೇವಿ.