ಅಪ್‌ಡೇಟ್: ಹಿತ್ತಲಿನ ದೋಣಿ ಶೆಡ್ ಎದ್ದು ನಿಂತಿತು

ಕಾರವಾರದ ಹತ್ತಿರ ಮಾಜಾಳಿಯಲ್ಲಿ, ಮನೆ ಹಿತ್ತಲಲ್ಲೇ 18 ಅಡಿ ದೋಣಿ ಕಟ್ಟಲು ಎಂಥ ಶೆಡ್ ಬೇಕು ಎಂದು ಕೇಳಿದ್ದೆನಲ್ಲ, ಅದರ ಕಥೆ ಇದು.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ‘ನೆಲಕ್ಕೆ ಕಾಂಕ್ರೀಟ್ ಬೇಡ’ ಎಂದವರ ಸಲಹೆ. ಮಣ್ಣನ್ನು ಬಡಿದು ಗಟ್ಟಿ ಮಾಡಿ, ಎರಡು ಉದ್ದನೆ ತೊಲೆ ಹೂತೆವು. ಕಟ್ಟುವಾಗ ದೋಣಿಗೆ ಆಕಾರ ಕೊಡುವ ಅಚ್ಚುಗಳನ್ನು ಅದಕ್ಕೇ ಮೊಳೆ ಹೊಡೆದು ನಿಲ್ಲಿಸಬಹುದು. ಒಂಚೂರೂ ಅಲುಗಾಡುವುದಿಲ್ಲ. ಕಾಂಕ್ರೀಟ್ ಆಗಿದ್ದರೆ ಪ್ರತಿ ಸಲ ಡ್ರಿಲ್ ಹಿಡಿಯಬೇಕಿತ್ತು, ಅಲ್ವಾ?

ಬಾಗಿಲಿಗೆ ಟಾರ್ಪಾಲಿನ್ ಸಾಕು ಎಂದಿದ್ದರು. ಸಾಕಾಗಲಿಲ್ಲ. ಕಡಲಗಾಳಿಗೆ ಚಿಂದಿಯಾಯಿತು. ಈಗ ಒಂದು ತುದಿಗೆ ಪೂರ್ತಿ ಬಿಚ್ಚಿ ತೆಗೆಯುವಂಥ ಹಲಗೆ ಗೋಡೆ ಹಾಕಿದ್ದೇವೆ. ದೋಣಿ ಹೊರಗೆ ಬರುವುದೂ ಅಲ್ಲಿಂದಲೇ.

ನನಗೆ ಗೊತ್ತೇ ಇರದಿದ್ದ ಸಂಗತಿ ಮಾಡಿನದು. ಉಪ್ಪುಗಾಳಿಗೆ ತುಕ್ಕು ಬೇಡವೆಂದು ಅಲ್ಯೂಮಿನಿಯಂ ಶೀಟ್ ತಂದೆವು. ಆದರೆ ಕಬ್ಬಿಣದ ಬೋಲ್ಟ್ ಅದಕ್ಕೆ ನೇರ ತಾಗಿದರೆ, ಉಪ್ಪಿನ ತೇವದಲ್ಲಿ ಸವೆಯುವುದು ಅಲ್ಯೂಮಿನಿಯಮ್ಮೇ! ಸ್ಟೇನ್‌ಲೆಸ್ ಬೋಲ್ಟಿಗೂ ರಬ್ಬರ್ ವಾಷರ್ ಬೇಕು. ಬೋಲ್ಟನ್ನು ಶೀಟಿನ ಉಬ್ಬಿನ ಮೇಲೆ ಹಾಕಿ, ತಗ್ಗಿನಲ್ಲಿ ಬೇಡ. ಮಳೆನೀರು ಹರಿಯುವುದು ತಗ್ಗಿನಲ್ಲೇ.

ಅಳತೆ ಕೇಳುವವರಿಗೆ: ದೋಣಿಯ ಸುತ್ತ ಕನಿಷ್ಠ 3 ಅಡಿ ಬಿಡಿ. ಉದ್ದಕ್ಕೆ ಇನ್ನೂ ಜಾಸ್ತಿ. ಹಲಗೆ ತಿರುಗಿಸಲು ಜಾಗ ಬೇಕೇ ಬೇಕು.